ಊರಿನ ನೆಂಟರಿಗೆ ಮೂರು ದಿನದ ಮುಂಬಯಿ: ನೋಡುವುದೇನು, ಬಿಡುವುದೇನು?

ಊರಿನ ಶಾಲೆಗಳಿಗೆ ಬೇಸಗೆ ರಜೆ ಬಿದ್ದಾಗ, ದೀಪಾವಳಿ ಕಳೆದು ಹವೆ ತುಸು ತಂಪಾದಾಗ, ಮುಂಬಯಿ ಮತ್ತು ಉಪನಗರಗಳ ತುಳು-ಕನ್ನಡಿಗರ ಮನೆಗಳಿಗೆ ಊರಿನಿಂದ ನೆಂಟರು ಬರುವುದು ಹೊಸತೇನಲ್ಲ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದ ಮೇಲಂತೂ ಕರಾವಳಿಯವರಿಗೆ ಮುಂಬಯಿ ಒಂದು ರಾತ್ರಿಯ ಪ್ರಯಾಣವಾಗಿದೆ. ಬಂದವರಿಗೆ ಇರುವುದು ಮೂರ್ನಾಲ್ಕು ದಿನ. ಕರೆಸಿಕೊಂಡವರಿಗೆ ಆಫೀಸಿನಲ್ಲಿ ಸಿಗುವುದು ಹೆಚ್ಚೆಂದರೆ ಎರಡು ದಿನದ ರಜೆ. ಇಷ್ಟರಲ್ಲೇ ಇಡೀ ಮಹಾನಗರವನ್ನು ತೋರಿಸಿಬಿಡಬೇಕೆಂಬ ಉತ್ಸಾಹದಲ್ಲಿ ಹತ್ತು ಹನ್ನೆರಡು ಸ್ಥಳಗಳ ಪಟ್ಟಿ ತಯಾರಾಗುತ್ತದೆ.

ಪರಿಣಾಮ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲ ದಿನವೇ ಅಮ್ಮನ ಕಾಲು ಬಾತು, ಎರಡನೇ ದಿನ ಅಪ್ಪ "ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ" ಎನ್ನುತ್ತಾರೆ. ಊರಿಗೆ ಮರಳಿದ ಮೇಲೆ ನೆನಪಿನಲ್ಲಿ ಉಳಿಯುವುದು ಲೋಕಲ್ ಗಾಡಿಯ ನೂಕುನುಗ್ಗಲು ಮಾತ್ರ. ಎಪ್ಪತ್ತು ದಾಟಿದವರ ಮಟ್ಟಿಗೆ "ಉಳಿದದ್ದು ಮುಂದಿನ ಸಲ ನೋಡೋಣ" ಎಂಬ ಮಾತಿಗೆ ಭರವಸೆ ಇಲ್ಲ. ಅನೇಕರಿಗೆ ಅದೇ ಮೊದಲ ಮತ್ತು ಕೊನೆಯ ಮುಂಬಯಿ ಭೇಟಿ. ಆದ್ದರಿಂದ ಪಟ್ಟಿಗೆ ಯಾವುದನ್ನು ಸೇರಿಸುವುದು ಎಂಬುದಕ್ಕಿಂತ ಯಾವುದನ್ನು ಬಿಡುವುದು ಎಂಬುದನ್ನು ಮೊದಲು ಯೋಚಿಸಬೇಕಾಗಿದೆ.

ಮೊದಲು ಅವರನ್ನೇ ಕೇಳಿ

ಏನು ನೋಡಬೇಕೆಂದು ಕೇಳಿದರೆ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ, "ಎಲ್ಲಿಗಾದರೂ ಆದೀತು ಮಾರಾಯ, ನಿನಗೆ ಅನುಕೂಲ ಆಗುವಲ್ಲಿಗೆ." ಇದನ್ನು ನಂಬಬಾರದು. ವಾರದ ಮೊದಲೇ ಫೋನಿನಲ್ಲಿ ಇನ್ನೊಮ್ಮೆ ಕೇಳಬೇಕು. ಒಬ್ಬರಿಗೆ ಮಹಾಲಕ್ಷ್ಮೀ ದೇವಸ್ಥಾನ ಆಗಬೇಕು, ಇನ್ನೊಬ್ಬರಿಗೆ ಸಮುದ್ರದ ಬದಿ ಸುಮ್ಮನೆ ಕುಳಿತರೆ ಸಾಕು.

ಇನ್ನು ಎಳೆ ಪ್ರಾಯದಲ್ಲಿ ಇಲ್ಲಿಗೆ ಬಂದು ಹಗಲು ಫೋರ್ಟಿನ ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ನಿವೃತ್ತರಾಗಿ ಊರು ಸೇರಿದವರ ಸಂಖ್ಯೆಯೂ ಸಣ್ಣದಲ್ಲ. ಅಂಥವರಿಗೆ ಮಾಲ್ ತೋರಿಸಿ ಪ್ರಯೋಜನವಿಲ್ಲ. ತಾವು ಮಲಗುತ್ತಿದ್ದ ಗಲ್ಲಿ, ದುಡಿದ ಹೊಟೇಲಿನ ಮೂಲೆ, ಕಲಿತ ಶಾಲೆಯ ಮೆಟ್ಟಿಲು ಅವರಿಗೆ ಬೇಕಾದ ಪ್ರೇಕ್ಷಣೀಯ ಸ್ಥಳ. ಆ ಹೊಟೇಲಿನ ಜಾಗದಲ್ಲಿ ಇಂದು ಮೊಬೈಲ್ ಅಂಗಡಿ ಇದ್ದರೂ ಅಲ್ಲಿ ಹತ್ತು ನಿಮಿಷ ನಿಲ್ಲಲು ಸಮಯ ಇಟ್ಟುಕೊಳ್ಳಬೇಕು.

ಗಂಟೆಗಳ ಜಮಾ-ಖರ್ಚು

ಡೊಂಬಿವಲಿಯಲ್ಲಿ ಇಳಿದುಕೊಂಡ ನೆಂಟರ ಒಂದು ದಿನದ ಲೆಕ್ಕ ಹಾಕೋಣ. ಬೆಳಿಗ್ಗೆ 8ರಿಂದ ಸುಮಾರು 10.30ರ ತನಕ ಸಿಎಸ್‌ಎಂಟಿ ಕಡೆಗೆ ಹೋಗುವ ಗಾಡಿಗಳಿಗೆ ಹಿರಿಯರನ್ನು ಹತ್ತಿಸುವುದು ಅಪಾಯ. ಫಾಸ್ಟ್ ಲೋಕಲ್ ನಿಲ್ದಾಣದಲ್ಲಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಸಂಜೆ 5ರಿಂದ 8.30ರ ತನಕ ಹಿಂತಿರುಗುವ ಗಾಡಿಗಳದ್ದೂ ಅದೇ ಕಥೆ. ಹಾಗಾಗಿ 10.30ಕ್ಕೆ ಹೊರಟು ರಾತ್ರಿ 9.30ಕ್ಕೆ ಮನೆ ಸೇರುವುದೆಂದರೆ ಕೈಯಲ್ಲಿರುವುದು 11 ಗಂಟೆ.

ಇದರಲ್ಲಿ ಹೋಗಿ ಬರುವ ರೈಲಿಗೆ ಎರಡೂವರೆ ಗಂಟೆ, ಸೇತುವೆ ಹತ್ತಿಳಿಯಲು, ಕಾಯಲು ಒಂದು ಗಂಟೆ, ಊಟ, ಚಹಾ, ಶೌಚಾಲಯಕ್ಕೆ ಎರಡು ಗಂಟೆ. ಉಳಿಯಿತು ಐದೂವರೆ ಗಂಟೆ. ಹೋಗುವ ದಾರಿ, ಸರದಿಯ ಸಾಲು ಸೇರಿ ಒಂದು ಸ್ಥಳಕ್ಕೆ ಒಂದೂವರೆ ಗಂಟೆ ಹಿಡಿದರೆ ದಿನಕ್ಕೆ ಮೂರು ಸ್ಥಳ. ನಾಲ್ಕನೆಯದನ್ನು ಸೇರಿಸಿದರೆ ಅದು ಹಿರಿಯರ ಮೊಣಕಾಲಿನ ಖಾತೆಗೆ ಖರ್ಚು ಬೀಳುತ್ತದೆ.

ಒಂದು ದಿನ, ಒಂದು ದಿಕ್ಕು

ಮುಂಬಯಿ ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಮಲಗಿರುವ ಊರು. ಬೆಳಿಗ್ಗೆ ಗೇಟ್‌ವೇ, ಮಧ್ಯಾಹ್ನ ಜುಹೂ, ಸಂಜೆ ಪುನಃ ಮರೀನ್ ಡ್ರೈವ್ ಎಂದು ಓಡಾಡಿದರೆ ಇಡೀ ದಿನ ರಸ್ತೆಯಲ್ಲೇ ಕಳೆಯುತ್ತದೆ. ಒಂದು ದಿನಕ್ಕೆ ಒಂದೇ ಭಾಗ ಎಂದು ನಿಶ್ಚಯಿಸುವುದು ಉತ್ತಮ.

ಊರಿನ ಗಾಡಿಯಿಂದ ಇಳಿದ ಮೊದಲ ದಿನ ಸ್ನಾನ, ಊಟ, ನಿದ್ದೆಗೆ ಮೀಸಲು. ಸಂಜೆ ಮಾಟುಂಗ ಸಾಕು. ಅಲ್ಲಿನ ಹೂವಿನ ಅಂಗಡಿಗಳು, ಬಾಳೆ ಎಲೆ, ಊರಿನ ತರಕಾರಿ ಕಂಡರೆ ಬಂದವರಿಗೂ ಸಮಾಧಾನ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲಿಯೇ. ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ. ನಮ್ಮವರು ಈ ನಗರದಲ್ಲಿ ಹೇಗೆ ಬೇರು ಬಿಟ್ಟರು ಎಂಬುದನ್ನು ಮೊಮ್ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎರಡನೇ ದಿನ ದಕ್ಷಿಣ ಮುಂಬಯಿ. ಸಿಎಸ್‌ಎಂಟಿಯಲ್ಲಿ ಇಳಿದ ಕೂಡಲೇ ಹೊರಗೆ ಓಡದೆ, ರಸ್ತೆಯ ಆಚೆ ಬದಿ ನಿಂತು ಆ ಕಟ್ಟಡವನ್ನೇ ನೋಡಬೇಕು. 1878ರಲ್ಲಿ ಕೆಲಸ ಆರಂಭವಾದ ಈ ನಿಲ್ದಾಣಕ್ಕೆ 2004ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ದೊರೆಯಿತು. ಅಲ್ಲಿಂದ ಟ್ಯಾಕ್ಸಿಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. ಹಿರಿಯರು ಇದನ್ನು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದೇ ಗುರುತಿಸುತ್ತಾರೆ. ಬಿಸಿಲು ಹೊತ್ತಿಗೆ ಒಳಗಿದ್ದು ಇಳಿಹೊತ್ತಿಗೆ ಗೇಟ್‌ವೇ ಆಫ್ ಇಂಡಿಯಾಕ್ಕೆ ಹೋಗಬಹುದು. ಐದನೇ ಜಾರ್ಜ್ ದೊರೆ 1911ರಲ್ಲಿ ಬಂದ ನೆನಪಿಗೆ ಕಟ್ಟಿದ ಈ ಕಮಾನು ಪೂರ್ತಿಯಾದದ್ದು 1924ರಲ್ಲಿ. 1948ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆಯ ಕೊನೆಯ ತುಕಡಿ ದೇಶ ಬಿಟ್ಟು ಹೊರಟದ್ದೂ ಇದರಡಿಯಿಂದಲೇ. ಸೂರ್ಯಾಸ್ತಕ್ಕೆ ಮರೀನ್ ಡ್ರೈವ್ ತಲುಪಿ ಕಟ್ಟೆಯ ಮೇಲೆ ಕುಳಿತರೆ, ಗಾಡಿಯ ಜನ ಇಳಿಯುವ ತನಕ ವಿಶ್ರಾಂತಿಯೂ ಆಯಿತು.

ಮೂರನೇ ದಿನ ಸಿದ್ಧಿವಿನಾಯಕ, ಮಹಾಲಕ್ಷ್ಮೀ, ಹಾಜಿ ಅಲಿ. ಭೂಗತ ಮೆಟ್ರೋ ಮೂರನೇ ಮಾರ್ಗ 2025ರ ಅಕ್ಟೋಬರದಲ್ಲಿ ಆರೆಯಿಂದ ಕಫ್ ಪರೇಡ್ ತನಕ ಪೂರ್ತಿ ತೆರೆದಿರುವುದರಿಂದ ಸಿದ್ಧಿವಿನಾಯಕಕ್ಕೆ ಹೋಗುವುದು ಸುಲಭವಾಗಿದೆ. ಘಾಟ್ಕೋಪರ್‌ನಿಂದ ಮೆಟ್ರೋದಲ್ಲಿ ಬಂದು ಮರೋಲ್ ನಾಕಾದಲ್ಲಿ ಬದಲಿಸಬಹುದು. ಲಿಫ್ಟ್ ಇರುವುದು ಮಂಡಿನೋವಿನವರಿಗೆ ದೊಡ್ಡ ಉಪಕಾರ. ಆದರೆ ಮಹಾಲಕ್ಷ್ಮೀ ನಿಲ್ದಾಣದಿಂದ ದೇವಸ್ಥಾನ ದೂರವಿದೆ ಎಂಬುದು ನೆನಪಿರಲಿ, ಟ್ಯಾಕ್ಸಿ ಬೇಕೇ ಬೇಕು. ಊರಿನವರು ಕೇಳುವಂತೆ ಆಟೋ ರಿಕ್ಷಾ ಬಾಂದ್ರಾ ಮತ್ತು ಸಾಯನ್ ದಾಟಿ ದಕ್ಷಿಣಕ್ಕೆ ಬರುವುದಿಲ್ಲ. 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೇತುವೆಯ ಮೇಲೆ ಹೋಗಬೇಕೆಂಬ ಆಸೆ ಇದ್ದರೆ ಹಿಂತಿರುಗುವಾಗ ಅದೇ ಟ್ಯಾಕ್ಸಿಯಲ್ಲಿ ಪೂರೈಸಿಕೊಳ್ಳಬಹುದು.

ಎಲಿಫೆಂಟಾ ಬೇಕೆ?

ಎಲಿಫೆಂಟಾ, ಅಂದರೆ ಘಾರಾಪುರಿ ಗುಹೆಗಳನ್ನು ನೋಡುವುದಾದರೆ ಎರಡನೇ ದಿನದ ಮ್ಯೂಸಿಯಂ ಬಿಡಬೇಕು. ಗೇಟ್‌ವೇಯಿಂದ ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ನಡುವೆ ಸುಮಾರು 120 ಮೆಟ್ಟಿಲು. ಅಂದು ಮಾತ್ರ ನಸುಕಿನಲ್ಲೇ ಗಾಡಿ ಹಿಡಿದು ಬೆಳಗ್ಗಿನ ದೋಣಿ ಹತ್ತಬೇಕು. ಅಲ್ಲಿನ ಮೂರು ಮುಖದ ಸದಾಶಿವನ ಮುಂದೆ ನಿಂತವರಿಗೆ ಶ್ರಮ ಮರೆಯುತ್ತದೆ, ನಿಜ. ಆದರೆ ಮೆಟ್ಟಿಲು ಹತ್ತಲಾಗದವರನ್ನು ಕೆಳಗೆ ಕೂರಿಸಿ ಉಳಿದವರು ಹೋಗಿ ಬರುವುದಾದರೆ ಆ ದಿನದ ಅರ್ಥವೇನು? 2024ರ ಡಿಸೆಂಬರ್ 18ರಂದು ಈ ಮಾರ್ಗದ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿ ಬಡಿದು ಜೀವಹಾನಿಯಾದದ್ದನ್ನು ಮರೆಯುವಂತಿಲ್ಲ. ಲೈಫ್ ಜಾಕೆಟ್ ಕೇಳಿ ತೊಟ್ಟುಕೊಳ್ಳಲು ನಾಚಿಕೆ ಬೇಡ.

ವಾರ, ನೀರು, ಮೆಗಾ ಬ್ಲಾಕ್

ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ಬರೆಯಬೇಕು. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಬೊರಿವಲಿಯ ರಾಷ್ಟ್ರೀಯ ಉದ್ಯಾನ, ಅದರೊಳಗಿನ ಕನ್ಹೇರಿ ಗುಹೆಗಳಿಗೂ ಸೋಮವಾರವೇ. ಫೋರ್ಟಿನಲ್ಲಿರುವ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯ ಸೋಮವಾರ ಹಾಗೂ ಬ್ಯಾಂಕ್ ರಜಾ ದಿನಗಳಲ್ಲಿ ಮುಚ್ಚಿರುತ್ತದೆ. ಮಕ್ಕಳು ಪೆಂಗ್ವಿನ್ ನೋಡಬೇಕೆಂದು ಹಟ ಹಿಡಿಯುವ ಬೈಕುಲಾದ ರಾಣಿಬಾಗ್‌ಗೆ ಬುಧವಾರ ರಜೆ. ಸಿದ್ಧಿವಿನಾಯಕದಲ್ಲಿ ಮಂಗಳವಾರ ಸಾಲು ಬಲು ಉದ್ದ.

ಹಾಜಿ ಅಲಿಯ ಕಾಲುದಾರಿ ಭರತದ ಹೊತ್ತಿಗೆ ನೀರಿನಲ್ಲಿ ಮುಳುಗುತ್ತದೆ. ಅಂದಿನ ಭರತ-ಇಳಿತದ ಸಮಯ ನೋಡಿಯೇ ಹೊರಡಬೇಕು. ಮಳೆಗಾಲದಲ್ಲಿ ದೋಣಿಗಳು ನಿಲ್ಲುವುದುಂಟು, ಲೋಕಲ್ ಗಾಡಿಗಳೂ ಕೈಕೊಡುವುದುಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ನೆಂಟರನ್ನು ಕರೆಸದಿರುವುದೇ ಲೇಸು. ಭಾನುವಾರ ಜನ ಕಡಿಮೆ ಎಂದು ಹೊರಟವರಿಗೆ ಮೆಗಾ ಬ್ಲಾಕ್ ಎದುರಾಗುತ್ತದೆ. ಶನಿವಾರದ ಪತ್ರಿಕೆಯಲ್ಲೇ ಅದರ ವಿವರ ನೋಡಿಕೊಳ್ಳಬೇಕು.

ಕೆಂಪು ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ ಕೂರಬೇಕೆಂದು ಹಳಬರು ಹೇಳುವುದುಂಟು. ಆ ಹಳೆಯ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ವಿದಾಯ ಹೇಳಿವೆ. ಅವುಗಳ ಬದಲಿಗೆ ಬಂದಿರುವುದು ವಿದ್ಯುತ್ತಿನ ಎಸಿ ಡಬಲ್ ಡೆಕ್ಕರ್. ಇದನ್ನು ಮೊದಲೇ ತಿಳಿಸಿದರೆ ನಿರಾಶೆ ತಪ್ಪುತ್ತದೆ.

ಸಣ್ಣ ವಿಷಯಗಳು

ಪ್ರತಿಯೊಬ್ಬರ ಕಿಸೆಯಲ್ಲಿ ಮನೆಯ ವಿಳಾಸ, ಎರಡು ಫೋನ್ ನಂಬರ್ ಬರೆದ ಚೀಟಿ ಇರಲಿ. ಕೈತಪ್ಪಿದರೆ ನಿಲ್ದಾಣದ ಇಂಡಿಕೇಟರ್ ಕೆಳಗೆ ಅಲುಗಾಡದೆ ನಿಲ್ಲಲು ಮೊದಲೇ ಹೇಳಿಡಿ. ಮಹಿಳೆಯರ ಡಬ್ಬಿಗೆ ಅಮ್ಮನನ್ನು ಒಬ್ಬರೇ ಹತ್ತಿಸದೆ ಮನೆಯ ಒಬ್ಬ ಹೆಂಗಸು ಜೊತೆಗಿರಲಿ. ಸಕ್ಕರೆ ಕಾಯಿಲೆಯವರಿಗೆ ಊಟದ ಹೊತ್ತು ಮೀರಬಾರದು. ಶೌಚಾಲಯ ಎಲ್ಲಿದೆ ಎಂದು ಹಿರಿಯ ಹೆಂಗಸರು ಬಾಯಿಬಿಟ್ಟು ಕೇಳುವುದಿಲ್ಲ, ನೀರು ಕುಡಿಯುವುದನ್ನೇ ಬಿಡುತ್ತಾರೆ. ಮ್ಯೂಸಿಯಂ, ಹೊಟೇಲು ಬಿಟ್ಟು ಹೊರಡುವ ಮೊದಲು ಸೊಸೆಯೋ ಮಗಳೋ ತಾವಾಗಿ ಕೇಳಬೇಕು.

ಮೂರು ದಿನದಲ್ಲಿ ಒಂಬತ್ತು ಸ್ಥಳವೂ ಆಗದೆ ಏಳೇ ಆದರೂ ಚಿಂತೆಯಿಲ್ಲ. ಬಿಟ್ಟುಹೋದ ಜುಹೂ ಬೀಚಿನ ಬಗ್ಗೆ ಊರಿನಲ್ಲಿ ಯಾರೂ ವಿಚಾರಿಸುವುದಿಲ್ಲ. "ಮಗನ ಮನೆಯಲ್ಲಿ ಹೇಗಾಯಿತು?" ಎಂದು ಖಂಡಿತ ವಿಚಾರಿಸುತ್ತಾರೆ. ಕೊನೆಯ ದಿನ ಊರಿನ ಗಾಡಿ ಹತ್ತುವ ಮೊದಲು ಅರ್ಧ ದಿನವನ್ನಾದರೂ ಯಾವ ಕಾರ್ಯಕ್ರಮವೂ ಇಲ್ಲದೆ ಮನೆಯಲ್ಲಿ ಜೊತೆಗೆ ಕುಳಿತು ಮಾತನಾಡಲು ಖಾಲಿ ಬಿಡುವುದು ಒಳ್ಳೆಯದು.