ಬೂದಿ ನೆಲದ ಬಾಣಂತನ

ಮಳೆಯಿಲ್ಲದ ತಿಂಗಳಲ್ಲಿ ಹೋಗಿ ಎಂಬುದು ಸಫಾರಿಗೆ ಹೊರಟವರಿಗೆ ಎಲ್ಲರೂ ಕೊಡುವ ಸಲಹೆ. ಹುಲ್ಲು ಒಣಗಿರುತ್ತದೆ, ಹೊಂಡಗಳು ಬತ್ತಿ ಪ್ರಾಣಿಗಳು ಉಳಿದ ನೀರಿನ ಸುತ್ತ ಸೇರುತ್ತವೆ. ಬಿರುಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ದಡದಲ್ಲಿ ಆನೆ ಹಿಂಡು ಕಂಡವರಿಗೆ ಇದು ಗೊತ್ತಿರುವ ಸಂಗತಿಯೇ. ಟಾಂಜಾನಿಯದ ಸೆರೆಂಗೆಟಿಯ ದಕ್ಷಿಣ ಬಯಲಿನಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಒಣ ತಿಂಗಳಲ್ಲಿ ಅಲ್ಲಿ ದೂಳು ಬಿಟ್ಟರೆ ಹೆಚ್ಚೇನೂ ಕಾಣದು. ಮಳೆಗೆ ಹಸಿರು ಚಿಗುರಿದ ಮೇಲೆ, ಜನವರಿ–ಫೆಬ್ರುವರಿಯ ಹೊತ್ತಿಗೆ, ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು ಅಲ್ಲಿ ಬೀಡುಬಿಡುತ್ತವೆ.

ಉತ್ತರದಲ್ಲಿ ಮಾರಾ ನದಿ ವರ್ಷವಿಡೀ ಹರಿಯುತ್ತದೆ. ಮಳೆಯೂ ಹೆಚ್ಚು, ಹುಲ್ಲೂ ಎತ್ತರ. ಹೊಟ್ಟೆ ತುಂಬುವುದಷ್ಟೇ ಮುಖ್ಯವಾಗಿದ್ದರೆ ಅಲ್ಲೇ ಇರಬಹುದಿತ್ತು. ಅಷ್ಟು ದೂರ ನಡೆದು ಗಿಡ್ಡ ಹುಲ್ಲಿನ ಬಯಲಿಗೆ ಏಕೆ ಬರಬೇಕು?

ಉತ್ತರ ಮಣ್ಣಿನಲ್ಲಿದೆ. ಬಯಲಿನ ಪೂರ್ವಕ್ಕೆ ಜ್ವಾಲಾಮುಖಿಗಳ ಸಾಲು. ಅವುಗಳಲ್ಲಿ ಒಲ್ ಡೋಯಿನ್ಯೊ ಲೆಂಗಾಯ್ ಇಂದಿಗೂ ಜೀವಂತ. ಮಾಸಾಯ್ ಜನರಿಗೆ ಅದು ದೇವರ ಬೆಟ್ಟ. ಅದೂ ಅದರ ನೆರೆಯ ಹಳೆಯ ಬೆಟ್ಟಗಳೂ ಉಗುಳಿದ ಬೂದಿಯನ್ನು ಗಾಳಿ ಸಾವಿರಾರು ವರ್ಷ ತಂದು ಇಲ್ಲಿ ಹಾಸಿದೆ. ಮಳೆನೀರಿನ ಜೊತೆ ಕೆಳಗಿಳಿದ ಸುಣ್ಣದಂಶ ಮೇಲ್ಮಣ್ಣಿನಡಿ ಗಟ್ಟಿ ಪದರವಾಗಿ ಕೂತಿದೆ. ಮರದ ಬೇರು ಅದನ್ನು ಭೇದಿಸಲಾರದು, ಹಾಗಾಗಿ ಕಣ್ಣು ಹಾಯಿಸಿದಷ್ಟೂ ಬಟ್ಟಬಯಲು. ಬೆಳೆಯುವ ಹುಲ್ಲು ಗಿಡ್ಡ, ಆದರೆ ಕ್ಯಾಲ್ಸಿಯಂ, ರಂಜಕ, ಸೋಡಿಯಂ ಅದರಲ್ಲಿ ಧಾರಾಳ. ಗಬ್ಬದ ಹಸುವಿಗೂ ಹಾಲೂಡುವ ತಾಯಿಗೂ ಬೇಕಾದದ್ದು ಇದೇ.

ಎರಡು–ಮೂರು ವಾರಗಳಲ್ಲಿ ಬಹುಪಾಲು ಕರುಗಳು ಹುಟ್ಟಿಬಿಡುತ್ತವೆ, ಹೆಚ್ಚಾಗಿ ಬೆಳಗಿನ ಹೊತ್ತು. ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತವೆ. ಒಟ್ಟಿಗೆ ಹೆರುವುದರಲ್ಲಿ ಲಾಭವಿದೆ: ಕತ್ತೆಕಿರುಬ, ಸಿಂಹಗಳು ಎಷ್ಟೇ ತಿಂದರೂ ಹೊಟ್ಟೆಗೊಂದು ಮಿತಿಯುಂಟು. ಸಿಂಹಗಳಂತೂ ತಮ್ಮ ಸೀಮೆ ಬಿಟ್ಟು ಹಿಂಡಿನ ಬೆನ್ನುಹತ್ತುವುದು ಕಡಿಮೆ. ಹಿಂಡು ಇಲ್ಲದ ಬರಗಾಲದ ತಿಂಗಳುಗಳೇ ಅವುಗಳ ಸಂಖ್ಯೆಗೆ ಕಡಿವಾಣ. ಮುಂಚೆಯೋ ತಡವಾಗಿಯೋ ಹುಟ್ಟಿದ ಕರುವಿಗೆ ಈ ರಕ್ಷಣೆ ಇಲ್ಲ.

ಮೇ ಮುಗಿಯುವಷ್ಟರಲ್ಲಿ ಗುಂಡಿಗಳು ಬತ್ತುತ್ತವೆ, ಉಳಿದ ನೀರು ಸವಳು. ಹಿಂಡು ಪಶ್ಚಿಮಕ್ಕೆ ತಿರುಗಿ ಉತ್ತರಕ್ಕೆ ಸಾಗುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿ ದಾಟುವ, ಟಿವಿಯವರು ತೋರಿಸಿ ತೋರಿಸಿ ಸವೆಸಿದ ದೃಶ್ಯ. ಮೊಸಳೆಗಳೇ ಅಲ್ಲಿನ ಖಳನಾಯಕರು ಎಂದು ನಂಬಿದ್ದೇವೆ. ವಾಸ್ತವದಲ್ಲಿ ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್‌ಗಳು ಸುಮ್ಮನೆ ಮುಳುಗಿ ಸಾಯುತ್ತವೆ ಎಂದು 2017ರ ಅಧ್ಯಯನವೊಂದು ಲೆಕ್ಕ ಹಾಕಿತು. ಆ ಹೆಣಗಳಲ್ಲಿ ಮೊಸಳೆಯ ಪಾಲು ತೀರಾ ಚಿಕ್ಕದು. ಮೀನು, ರಣಹದ್ದು, ಹುಳುಗಳಿಗೆ ಹಬ್ಬ. ಮೂಳೆಗಳು ಏಳು ವರ್ಷದವರೆಗೂ ಕರಗುತ್ತ ನೀರಿಗೆ ರಂಜಕ ಬಿಡುತ್ತವೆ. ದಕ್ಷಿಣದ ಬೂದಿ ನೆಲದಲ್ಲಿ ಮೇದದ್ದೂ ಅದರಲ್ಲಿ ಸೇರಿರಬೇಕು.

ದಾಟುವುದನ್ನು ನೋಡಲು ಜೀಪುಗಳ ಸಾಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ದಡದವರೆಗೆ ಬಂದ ಹಿಂಡು ಮನಸ್ಸು ಬದಲಿಸಿ ಹಿಂದಿರುಗುವುದೂ ಉಂಟು. ನನ್ನ ಮತ ಫೆಬ್ರುವರಿಗೆ. ಒಂದು ಎಚ್ಚರಿಕೆ: ಹಿಂಡು ಓದುವುದು ಮೋಡವನ್ನು, ಕ್ಯಾಲೆಂಡರನ್ನಲ್ಲ. ನವೆಂಬರಿನ ಸಣ್ಣ ಮಳೆ ತಡವಾದರೆ ಅದೂ ತಡ. ಹೊರಡುವ ಮುನ್ನ ಆ ವರ್ಷ ಅಲ್ಲಿ ಮಳೆ ಹೇಗಾಯಿತೆಂದು ವಿಚಾರಿಸಿಕೊಳ್ಳಿ.