ಪದೇ ಪದೇ ಕಾಡುವ ತಲೆನೋವು: ಅರಿವು ಮತ್ತು ಪರಿಹಾರ

ಮನುಷ್ಯನನ್ನು ಬಾಧಿಸುವ ನೋವುಗಳಲ್ಲಿ ತಲೆನೋವಿನಷ್ಟು ಸಾಮಾನ್ಯವಾದುದು ಮತ್ತೊಂದಿಲ್ಲ. ಅದರಷ್ಟು ಅಲಕ್ಷ್ಯಕ್ಕೆ ಗುರಿಯಾದುದೂ ವಿರಳ. ಜ್ವರವಿದ್ದರೆ ಮೈ ಮುಟ್ಟಿ ತಿಳಿಯಬಹುದು, ಗಾಯವಾದರೆ ಕಣ್ಣಿಗೆ ಕಾಣುತ್ತದೆ. ತಲೆನೋವು ಹಾಗಲ್ಲ, ಅನುಭವಿಸುವವರಿಗೆ ಮಾತ್ರ ಅದರ ತೀವ್ರತೆ ಗೊತ್ತು. ಆದುದರಿಂದಲೇ ತಿಂಗಳಿಗೆ ನಾಲ್ಕಾರು ಸಲ ಕತ್ತಲ ಕೋಣೆಯಲ್ಲಿ ಮಲಗುವ ಗೃಹಿಣಿಯನ್ನು ಕೆಲಸಗಳ್ಳಿಯೆಂದೂ, ಶಾಲೆಗೆ ಹೋಗಲಾರದ ಮಗುವನ್ನು ಸೋಮಾರಿಯೆಂದೂ ಜರೆಯುವುದುಂಟು. ನೋವಿಗಿಂತ ಈ ಅಪನಂಬಿಕೆಯೇ ಅವರನ್ನು ಹೆಚ್ಚು ಕುಗ್ಗಿಸುತ್ತದೆ.

ಈ ವ್ಯಾಧಿ ನಮ್ಮ ನಡುವೆ ಎಷ್ಟು ವ್ಯಾಪಕವಾಗಿದೆ ಎಂಬುದಕ್ಕೆ ಕರ್ನಾಟಕದ್ದೇ ಆಧಾರವಿದೆ. ಬೆಂಗಳೂರು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ನಡೆಸಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ವಯಸ್ಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್‌ನಿಂದ ಬಳಲಿದ್ದರು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು.

ಎಲ್ಲ ತಲೆನೋವೂ ಒಂದೇ ಅಲ್ಲ

ತಲೆಯ ಸುತ್ತಲೂ ಬಿಗಿಯಾಗಿ ಪಟ್ಟಿ ಕಟ್ಟಿದಂತೆ, ಎರಡೂ ಬದಿಗಳಲ್ಲಿ ಮಂದವಾಗಿ ಒತ್ತುವ ನೋವು ‘ಒತ್ತಡದ ತಲೆನೋವು’. ಇದರಲ್ಲಿ ನಿತ್ಯದ ಕೆಲಸಗಳನ್ನು ಹೇಗೋ ನಿಭಾಯಿಸಬಹುದು. ಮೈಗ್ರೇನ್ ಬೇರೆ ಬಗೆಯದು. ಸಾಮಾನ್ಯವಾಗಿ ತಲೆಯ ಒಂದು ಪಾರ್ಶ್ವದಲ್ಲಿ ನಾಡಿ ಮಿಡಿದಂತೆ ಸಿಡಿಯುವ ಈ ನೋವು ಚಿಕಿತ್ಸೆಯಿಲ್ಲದಿದ್ದರೆ 4 ಗಂಟೆಗಳಿಂದ 72 ಗಂಟೆಗಳವರೆಗೆ ಇರಬಲ್ಲದು. ಓಕರಿಕೆ ಅಥವಾ ವಾಂತಿಯಾಗುತ್ತದೆ. ಬೆಳಕು ಮತ್ತು ಸದ್ದು ಸಹಿಸಲಾಗದು. ಮೆಟ್ಟಿಲು ಹತ್ತಿದರೂ ನೋವು ಉಲ್ಬಣಿಸುತ್ತದೆ. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕಾದ ಹೊಳೆಯುವ ಗೆರೆಗಳು ಕಾಣಿಸಿ, ಒಂದು ಗಂಟೆಯೊಳಗೆ ಮಾಯವಾಗುತ್ತವೆ.

ನಮ್ಮ ಹಿರಿಯರು ಇದನ್ನು ಅರೆತಲೆನೋವು ಎಂದರು. ಸುಶ್ರುತ ಸಂಹಿತೆಯು ಎಣಿಸುವ 11 ಶಿರೋರೋಗಗಳಲ್ಲಿ ‘ಅರ್ಧಾವಭೇದಕ’ವೂ ಒಂದು. ಮೈಗ್ರೇನ್ ಎಂಬ ಪದವೂ ‘ಅರ್ಧ ತಲೆ’ ಎಂಬರ್ಥದ ಗ್ರೀಕ್ ಮೂಲದಿಂದಲೇ ಬಂದಿದೆ. ಹಣೆ, ಕೆನ್ನೆಗಳಲ್ಲಿಯೂ ನೋವು ಹರಡುವುದರಿಂದ ಅನೇಕರು ಇದನ್ನು ಸೈನಸ್ ಎಂದು ಭ್ರಮಿಸಿ ವರ್ಷಗಟ್ಟಲೆ ತಪ್ಪು ಚಿಕಿತ್ಸೆ ಪಡೆಯುತ್ತಾರೆ.

ಮೂಲವೇನು, ಪ್ರಚೋದಕಗಳೇನು?

ಮೈಗ್ರೇನ್ ಮನಸ್ಸಿನ ಕಲ್ಪನೆಯಲ್ಲ. ಮಿದುಳು ಮತ್ತು ನರಗಳಿಗೆ ಸಂಬಂಧಿಸಿದ, ಬಹುಮಟ್ಟಿಗೆ ವಂಶಪಾರಂಪರ್ಯವಾಗಿ ಬರುವ ವ್ಯಾಧಿ. ಮುಖ ಹಾಗೂ ತಲೆಯ ಸಂವೇದನೆಯನ್ನು ಹೊತ್ತೊಯ್ಯುವ ಟ್ರೈಜೆಮಿನಲ್ ನರವು ಉದ್ರೇಕಗೊಂಡಾಗ ಸಿಜಿಆರ್‌ಪಿ ಮುಂತಾದ ರಾಸಾಯನಿಕಗಳು ಬಿಡುಗಡೆಯಾಗಿ, ಮಿದುಳಿನ ಹೊದಿಕೆಯ ರಕ್ತನಾಳಗಳ ಸುತ್ತ ನೋವು ಹುಟ್ಟುತ್ತದೆ. ಸ್ಕ್ಯಾನಿಂಗ್‌ನಲ್ಲಿ ಇದು ಕಾಣದು. ‘ಸ್ಕ್ಯಾನ್ ಸರಿಯಾಗಿದೆ’ ಎಂದರೆ ಗಡ್ಡೆಯಂತಹ ದೋಷ ಕಂಡಿಲ್ಲವೆಂದು ಅರ್ಥವೇ ಹೊರತು ನೋವೇ ಸುಳ್ಳೆಂದಲ್ಲ.

ಇಂತಹ ಸೂಕ್ಷ್ಮ ಪ್ರಕೃತಿಯ ಮಿದುಳು ಏರುಪೇರುಗಳನ್ನು ಸಹಿಸದು. ಊಟ ತಪ್ಪುವುದು, ನಿದ್ರೆ ಕಡಿಮೆಯಾಗುವುದು ಅಥವಾ ಅತಿಯಾಗುವುದು, ಬಿಸಿಲು, ನೀರಡಿಕೆ, ಮಾನಸಿಕ ಒತ್ತಡ, ಘಾಟಾದ ಸುವಾಸನೆ ಮತ್ತು ಹೊಗೆ, ಮಹಿಳೆಯರಲ್ಲಿ ಮುಟ್ಟಿನ ದಿನಗಳು ಇವು ಮುಖ್ಯ ಪ್ರಚೋದಕಗಳು. ತಲೆಸ್ನಾನದ ಬಳಿಕ ಒದ್ದೆಗೂದಲಿನಲ್ಲಿಯೇ ಇರುವುದರಿಂದ ಮೈಗ್ರೇನ್ ಬರುವುದನ್ನೂ ಭಾರತೀಯ ವೈದ್ಯರು ಗುರುತಿಸಿದ್ದಾರೆ. ಅಂಥವರು ಸಮಯವಿರುವ ದಿನ ತಲೆಸ್ನಾನ ಮಾಡಿ, ಕೂದಲನ್ನು ಬೇಗ ಒಣಗಿಸಿಕೊಳ್ಳುವುದು ಒಳ್ಳೆಯದು.

ಮಹಾಶಿವರಾತ್ರಿಯಂದು ಉಪವಾಸ ಮತ್ತು ಜಾಗರಣೆ ಎಂಬ ಎರಡು ಪ್ರಚೋದಕಗಳು ಒಟ್ಟಿಗೆ ಕೂಡುತ್ತವೆ. ಮೈಗ್ರೇನ್ ಇರುವ ಸದ್ಭಕ್ತರು ಅಂದು ಆಗಾಗ್ಗೆ ನೀರು, ಹಣ್ಣು, ಹಾಲು ಸೇವಿಸುವುದು, ಶಕ್ತಿ ಮೀರಿ ನಿದ್ರೆಗೆಡದಿರುವುದು ಕ್ಷೇಮಕರ. ಜಾತ್ರೆ, ರಥೋತ್ಸವಗಳಲ್ಲಿ ಬಿಸಿಲಿಗೆ ನಿಲ್ಲುವಾಗ ಕೊಡೆ ಮತ್ತು ನೀರಿನ ಬಾಟಲಿ ಜೊತೆಗಿರಲಿ.

ಒಬ್ಬರ ಪ್ರಚೋದಕ ಮತ್ತೊಬ್ಬರದಲ್ಲ. ಆದ್ದರಿಂದ ಒಂದು ಪುಟ್ಟ ಪುಸ್ತಕದಲ್ಲಿ ನೋವು ಬಂದ ದಿನಾಂಕ, ಇದ್ದ ಅವಧಿ, ಹಿಂದಿನ ದಿನದ ಊಟ ಮತ್ತು ನಿದ್ರೆ, ನುಂಗಿದ ಮಾತ್ರೆ ಇವಿಷ್ಟನ್ನು ಬರೆದಿಡಿ. ಎರಡು ಮೂರು ತಿಂಗಳ ಈ ಬರಹ ವೈದ್ಯರಿಗೆ ಅನೇಕ ಪರೀಕ್ಷೆಗಳಿಗಿಂತ ಹೆಚ್ಚು ತಿಳಿಸುತ್ತದೆ.

ಮಾತ್ರೆಯೇ ನೋವಾಗುವ ಬಗೆ

ನೋವು ಆರಂಭವಾದೊಡನೆ ಕತ್ತಲಿನ, ನಿಶ್ಶಬ್ದವಾದ ಕೋಣೆಯಲ್ಲಿ ವಿಶ್ರಮಿಸಿ, ಹಣೆಗೆ ತಣ್ಣೀರ ಬಟ್ಟೆ ಹಾಕಿಕೊಳ್ಳಬೇಕು. ವೈದ್ಯರು ಸೂಚಿಸಿದ ನೋವುನಿವಾರಕವನ್ನು ಆರಂಭದಲ್ಲಿಯೇ ತೆಗೆದುಕೊಂಡರೆ ಗುಣ ಹೆಚ್ಚು. ವಾಂತಿ ಶುರುವಾದ ಮೇಲೆ ಹೊಟ್ಟೆ ಔಷಧವನ್ನು ಸರಿಯಾಗಿ ಹೀರಿಕೊಳ್ಳದು.

ಆದರೆ ಇಲ್ಲಿಯೇ ಒಂದು ಅಪಾಯವಿದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮಾತ್ರೆಯನ್ನು ದಿನನಿತ್ಯ ನುಂಗುವವರಿಗೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತದೆ. ಪ್ಯಾರಾಸಿಟಮಾಲ್‌ನಂತಹ ಸರಳ ನೋವುನಿವಾರಕಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮಿಶ್ರ ಮಾತ್ರೆ ಹಾಗೂ ಟ್ರಿಪ್ಟಾನ್ ಔಷಧಗಳನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗೂ ಮೀರಿ ಸೇವಿಸಿದರೆ ಈ ಸ್ಥಿತಿ ಉಂಟಾಗಬಲ್ಲದು. ಕೆಲವು ಮಾತ್ರೆಗಳ ಅತಿಬಳಕೆಯಿಂದ ಜಠರ, ಮೂತ್ರಪಿಂಡಗಳಿಗೂ ಹಾನಿ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಮಾತ್ರೆ ಬೇಕಾಗುತ್ತಿದ್ದರೆ ವೈದ್ಯರನ್ನು ಕಾಣುವ ಕಾಲ ಬಂದಿತೆಂದು ತಿಳಿಯಬೇಕು.

ಅಂಥವರಿಗೆ ನೋವು ಬಾರದಂತೆ ತಡೆಯುವ ಔಷಧಗಳಿವೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್ ಮೊದಲಾದವು ಹಲವು ದಶಕಗಳಿಂದ ಬಳಕೆಯಲ್ಲಿವೆ. ಆದರೆ ಪ್ರೊಪ್ರನೊಲಾಲ್ ಉಬ್ಬಸವಿರುವವರಿಗೆ ಸಲ್ಲದು. ಗರ್ಭಿಣಿಯರಿಗೆ ವರ್ಜ್ಯವಾದ ಔಷಧಗಳೂ ಉಂಟು. ಆದ್ದರಿಂದ ನೆರೆಯವರ ಚೀಟಿಯನ್ನು ನೋಡಿ ಔಷಧ ಕೊಳ್ಳಬಾರದು. ಇವುಗಳ ಫಲ ಕಾಣಲು ಎರಡು ಮೂರು ತಿಂಗಳು ಬೇಕು. ನೋವಿನ ದಿನಗಳು ಅರ್ಧಕ್ಕೆ ಇಳಿದರೂ ಅದು ಯಶಸ್ಸೇ. ಸಕಾಲದ ಊಟ, ನಿಯತ ನಿದ್ರೆ, ನಿತ್ಯದ ನಡಿಗೆ, ಪ್ರಾಣಾಯಾಮ ಹಾಗೂ ಧ್ಯಾನ ಇವಕ್ಕೆ ಪೂರಕ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ಸಿಡಿಲು ಬಡಿದಂತೆ ಕ್ಷಣಮಾತ್ರದಲ್ಲಿ ಬರುವ, ಹಿಂದೆಂದೂ ಕಾಣದ ಉಗ್ರ ನೋವು
• ಜ್ವರ ಮತ್ತು ಕುತ್ತಿಗೆಯ ಬಿಗಿತ
• ಕೈಕಾಲುಗಳ ಬಲಹೀನತೆ, ಮಾತಿನ ತೊದಲು, ದೃಷ್ಟಿನಾಶ, ಪ್ರಜ್ಞೆ ತಪ್ಪುವುದು, ಸೆಳವು
• ತಲೆಗೆ ಪೆಟ್ಟು ಬಿದ್ದ ನಂತರದ ನೋವು
• 50 ವರ್ಷ ದಾಟಿದ ಮೇಲೆ ಹೊಸದಾಗಿ ಆರಂಭವಾದ ನೋವು
• ಗರ್ಭಾವಸ್ಥೆಯಲ್ಲಿ ಅಥವಾ ಹೆರಿಗೆಯ ನಂತರ ಕಾಣುವ ತೀವ್ರ ನೋವು
• ದಿನದಿಂದ ದಿನಕ್ಕೆ ಹೆಚ್ಚುತ್ತ, ಮುಂಜಾನೆ ವಾಂತಿಯೊಡನೆ ಎಬ್ಬಿಸುವ ನೋವು

ಇವುಗಳಲ್ಲಿ ಯಾವುದೊಂದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಮೈಗ್ರೇನ್ ಪೂರ್ಣವಾಗಿ ಅಳಿಯದಿದ್ದರೂ ಅಂಕೆಗೆ ಸಿಗುವ ವ್ಯಾಧಿ. ವರ್ಷಕ್ಕೆ ಹತ್ತಾರು ದಿನಗಳ ಕಾಯಕವನ್ನು, ಮನೆಯ ನೆಮ್ಮದಿಯನ್ನು ಅದು ಕಸಿಯದಂತೆ ತಡೆಯಲು ರೋಗಿಯ ಶಿಸ್ತಿನಷ್ಟೇ ಮನೆಯವರ ಸಹಾನುಭೂತಿಯೂ ಅವಶ್ಯಕ. ‘ತಲೆನೋವು’ ಎಂದು ಒಬ್ಬರು ನುಡಿದಾಗ ದೀಪವಾರಿಸಿ, ಸದ್ದಡಗಿಸಿ, ಅವರ ಪಾಲಿನ ಕೆಲಸವನ್ನು ಉಳಿದವರು ವಹಿಸಿಕೊಂಡರೆ ಅರ್ಧ ಚಿಕಿತ್ಸೆ ಮನೆಯಲ್ಲಿಯೇ ಆದಂತೆ.