ಸರ್ವರ್ ಒಳಗಿನ ಪುಟ್ಟ ಕಂಪ್ಯೂಟರಿಗೆ ಫೈಲು ಕಳಿಸುವ ದಾರಿ

ದೊಡ್ಡ ಡೇಟಾ ಸೆಂಟರಿನಲ್ಲಿ ಒಂದು ಸರ್ವರ್ ಸ್ಥಗಿತಗೊಂಡರೆ ಅದರ ಬಟನ್ ಒತ್ತಲು ಯಾರೂ ಎದ್ದು ಓಡಬೇಕಿಲ್ಲ. ಪ್ರತಿ ಸರ್ವರಿನ ಮದರ್‌ಬೋರ್ಡ್ ಮೇಲೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ, ಎಷ್ಟೋ ಕಡೆ ತನ್ನದೇ ನೆಟ್‌ವರ್ಕ್ ಕೇಬಲ್. ಮುಖ್ಯ ಸರ್ವರ್ ಆಫ್ ಆಗಿದ್ದರೂ ಕರೆಂಟು ಬರುತ್ತಿದ್ದರೆ ಸಾಕು, ಇದು ಎಚ್ಚರವಾಗಿರುತ್ತದೆ. ಫ್ಯಾನಿನ ವೇಗ, ಒಳಗಿನ ಬಿಸಿ ಗಮನಿಸುವುದು, ದೂರದಿಂದ ಬಂದ ಆದೇಶದಂತೆ ಸರ್ವರನ್ನು ಆನ್ ಆಫ್ ಮಾಡುವುದು, ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕಲು ಅನುವು ಮಾಡಿಕೊಡುವುದು ಇದರ ಕೆಲಸ. ಹೆಸರು ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಬಳಕೆಯಲ್ಲಿ ಬಿಎಂಸಿ.

ಇದನ್ನು ನಡೆಸುವ ಫರ್ಮ್‌ವೇರ್ ಒಂದು ಫ್ಲಾಶ್ ಚಿಪ್ಪಿನಲ್ಲಿರುತ್ತದೆ. ದೋಷ ಪತ್ತೆಯಾದಾಗಲೆಲ್ಲ ಅದನ್ನು ಬದಲಿಸಬೇಕು. ಅಪಾಯವಿರುವುದೂ ಇಲ್ಲೇ. ಬದಲಾವಣೆಯ ಹೊತ್ತಿನಲ್ಲಿ ಕಳ್ಳ ಫರ್ಮ್‌ವೇರ್ ಒಳಹೊಕ್ಕರೆ ಹಾರ್ಡ್ ಡಿಸ್ಕ್ ಬದಲಿಸಿದರೂ, ಆಪರೇಟಿಂಗ್ ಸಿಸ್ಟಮ್ಮನ್ನು ಅಳಿಸಿ ಮತ್ತೆ ಹಾಕಿದರೂ ಅದು ಅಲ್ಲಿಂದ ಕದಲುವುದಿಲ್ಲ.

ಹಾಗಿದ್ದೂ ಬಹುಕಾಲ ಹೊಸ ಫರ್ಮ್‌ವೇರಿನ ಫೈಲು ಪ್ರಯಾಣ ಮಾಡಿದ್ದು ಟಿಎಫ್‌ಟಿಪಿ ಎಂಬ ದಾರಿಯಲ್ಲಿ. 1981ರಲ್ಲಿ ಪ್ರಕಟವಾಗಿ 1992ರಲ್ಲಿ ಪರಿಷ್ಕರಣೆಗೊಂಡ ಈ ವಿಧಾನವನ್ನು ಬೇಕೆಂದೇ ಅತಿ ಸರಳವಾಗಿ ರೂಪಿಸಿದ್ದರು; ಪುಟ್ಟ ಚಿಪ್ಪಿನಲ್ಲೂ ಹಿಡಿಸಬೇಕಿತ್ತು. ಬಳಕೆದಾರರ ಹೆಸರಿಲ್ಲ, ಪಾಸ್‌ವರ್ಡ್ ಇಲ್ಲ, ಗೂಢಲಿಪಿ ಇಲ್ಲ. 512 ಬೈಟ್ ಕಳಿಸುವುದು, ‘ಬಂತು’ ಎಂಬ ಉತ್ತರಕ್ಕೆ ಕಾಯುವುದು, ಮತ್ತೆ 512 ಬೈಟ್ ಕಳಿಸುವುದು. ತುಂಡುಗಳ ಎಣಿಕೆಗೆ 16 ಬಿಟ್ ಮಾತ್ರ ಮೀಸಲಾದ್ದರಿಂದ ಮೂಲ ನಿಯಮದಂತೆ ಸುಮಾರು 32 ಎಂಬಿ ದಾಟಿದ ಫೈಲು ಸಾಗುತ್ತಿರಲಿಲ್ಲ. ಮುಂದೆ ತುಂಡಿನ ಗಾತ್ರ ಹಿಗ್ಗಿಸುವ ಸೌಲಭ್ಯ ಬಂತು. ಗುರುತು ಕೇಳುವ ಸೌಲಭ್ಯ ಬರಲೇ ಇಲ್ಲ. ಇದರ ಅಣ್ಣನಾದ ಎಫ್‌ಟಿಪಿಯ ಮೊದಲ ಕರಡನ್ನು 1971ರಲ್ಲಿ ಎಂಐಟಿಯಲ್ಲಿದ್ದಾಗ ಬರೆದವರು ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿದ ಅಭಯ್ ಭೂಷಣ್. ಅದು ಪಾಸ್‌ವರ್ಡ್ ಕೇಳುತ್ತದೆ ನಿಜ, ಆದರೆ ಆ ಪಾಸ್‌ವರ್ಡ್ ತಂತಿಯ ಮೇಲೆ ಬೆತ್ತಲೆಯಾಗಿಯೇ ಹೋಗುತ್ತದೆ.

ಅಂಥ ಪಾಸ್‌ವರ್ಡುಗಳನ್ನು ಯಾರೋ ನೆಟ್‌ವರ್ಕಿನಲ್ಲಿ ಕದ್ದು ಕೇಳಿಸಿಕೊಂಡ ಪ್ರಕರಣವೇ 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ತಾತು ಊಲೋನೆನ್ ಅವರನ್ನು, ಮಾತುಕತೆಯನ್ನೆಲ್ಲ ಗೂಢಲಿಪಿಯಲ್ಲಿ ನಡೆಸುವ ಎಸ್‌ಎಸ್‌ಎಚ್ ರೂಪಿಸಲು ಹಚ್ಚಿತು. ಅದರ ಬೆನ್ನ ಮೇಲೆ ಸಾಗುವ ಎಸ್‌ಸಿಪಿ ಮತ್ತು ಎಸ್‌ಎಫ್‌ಟಿಪಿ, ಜೊತೆಗೆ ಬ್ಯಾಂಕ್ ಜಾಲತಾಣಗಳಲ್ಲಿ ನಾವೆಲ್ಲ ಬಳಸುವ ಎಚ್‌ಟಿಟಿಪಿಎಸ್, ಇವೇ ಇಂದು ಬಿಎಂಸಿಗೆ ಫೈಲು ತಲುಪಿಸಲು ತಕ್ಕ ದಾರಿಗಳು. 2015ರಲ್ಲಿ ಬಂದ ರೆಡ್‌ಫಿಶ್ ಎಂಬ ಮಾನಕ ನಿರ್ವಹಣೆಯ ಆದೇಶಗಳನ್ನೇ ಎಚ್‌ಟಿಟಿಪಿಎಸ್ ಮೇಲೆ ಕೂರಿಸಿತು.

ಆದರೆ ಗೂಢಲಿಪಿಯಲ್ಲಿ ಮಾತಾಡುವ ಮುನ್ನ ಎದುರಿಗಿರುವವರು ಯಾರು ಎಂದು ತಿಳಿಯಬೇಕಲ್ಲ? ಬಿಎಂಸಿ ಒಂದು ಫೈಲ್ ಸರ್ವರಿಗೆ ಹೋಗಿ ತಾನೇ ಫರ್ಮ್‌ವೇರ್ ಎಳೆದುಕೊಳ್ಳುತ್ತದೆ ಎನ್ನಿ. ಬಿಎಂಸಿ ತನ್ನ ಗುರುತಿಗಾಗಿ ಒಂದು ಜೋಡಿ ಕೀಲಿ ಇಟ್ಟುಕೊಂಡು, ಸಾರ್ವಜನಿಕ ಕೀಲಿಯನ್ನು ಫೈಲ್ ಸರ್ವರಿಗೆ ಕೊಡುತ್ತದೆ, ಪಾಸ್‌ವರ್ಡ್ ಬೇಕಾಗುವುದಿಲ್ಲ. ಹಾಗೆಯೇ ಫೈಲ್ ಸರ್ವರಿನ ಕೀಲಿಯೂ ಬಿಎಂಸಿಗೆ ಮೊದಲೇ ತಿಳಿದಿರಬೇಕು. ಮೊದಲ ಭೇಟಿಯಲ್ಲಿ ‘ಈ ಕೀಲಿಯನ್ನು ನಂಬಲೇ?’ ಎಂಬ ಪ್ರಶ್ನೆ ಬಂದಾಗ ಪರೀಕ್ಷಿಸದೆ ‘ಹೌದು’ ಎನ್ನುವುದು, ಅಥವಾ ಸ್ಕ್ರಿಪ್ಟ್ ಸಲೀಸಾಗಿ ಓಡಲಿ ಎಂದು ಆ ತಪಾಸಣೆಯನ್ನೇ ಆಫ್ ಮಾಡುವುದು ಬಹಳ ಕಡೆ ರೂಢಿಯಾಗಿದೆ. ನನ್ನ ದೃಷ್ಟಿಯಲ್ಲಿ ಇದು ಹಳೆಯ ಟಿಎಫ್‌ಟಿಪಿಗಿಂತಲೂ ಕೆಟ್ಟದ್ದು. ಅಲ್ಲಿ ಭದ್ರತೆ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಇಲ್ಲಿ ಇದೆಯೆಂದು ನಂಬಿ ಕೂರುತ್ತೇವೆ.

ದಾರಿ ಭದ್ರವಾದರೂ ಕೆಲಸ ಮುಗಿಯಲಿಲ್ಲ. ಲಾರಿಗೆ ಬೀಗ ಹಾಕಿದ ಮಾತ್ರಕ್ಕೆ ಮೂಟೆಯೊಳಗೆ ಒಳ್ಳೆಯ ಅಕ್ಕಿಯೇ ಇದೆ ಎಂದಾಗುವುದಿಲ್ಲ. ಅದಕ್ಕೇ ಫರ್ಮ್‌ವೇರ್ ಫೈಲಿಗೆ ತಯಾರಕರು ಡಿಜಿಟಲ್ ಸಹಿ ಹಾಕುತ್ತಾರೆ. ಫೈಲಿನ ಒಂದು ಬಿಟ್ ಬದಲಾದರೂ ಸಹಿ ಹೊಂದುವುದಿಲ್ಲ. ಆದರೆ ಆ ಸಹಿಯನ್ನು ಪರೀಕ್ಷಿಸುವುದು ಈಗಾಗಲೇ ಒಳಗಿರುವ ಫರ್ಮ್‌ವೇರ್; ಅದೇ ಕೆಟ್ಟಿದ್ದರೆ? 2021ರ ಡಿಸೆಂಬರಿನಲ್ಲಿ ಇರಾನಿನ ಅಮ್ನ್‌ಪರ್ದಾಜ್ ಸಂಸ್ಥೆ ವರದಿ ಮಾಡಿದ ‘ಐಲೋಬ್ಲೀಡ್’ ಇದಕ್ಕೆ ಉದಾಹರಣೆ. ಎಚ್‌ಪಿ ಸರ್ವರುಗಳ ಬಿಎಂಸಿಯಾದ ಐಲೋದಲ್ಲಿ ಬೇರೂರಿದ್ದ ಈ ದುಷ್ಟ ತಂತ್ರಾಂಶ ಡಿಸ್ಕುಗಳನ್ನು ಅಳಿಸಿಹಾಕುತ್ತಿತ್ತು. ಹೊಸ ಫರ್ಮ್‌ವೇರ್ ಹಾಕಲು ಹೋದರೆ ಅದನ್ನು ತಡೆದು, ಅಪ್‌ಡೇಟ್ ಯಶಸ್ವಿಯಾಯಿತೆಂದು ಸುಳ್ಳು ತೋರಿಸುತ್ತಿತ್ತು. ಇಂಥದ್ದನ್ನು ತಡೆಯಲು ತಪಾಸಣೆಯ ಮೊದಲ ಹೆಜ್ಜೆಯನ್ನೇ ಅಳಿಸಲಾಗದಂತೆ ಸಿಲಿಕಾನಿನಲ್ಲಿ ಅಚ್ಚು ಹಾಕುವ ವಿನ್ಯಾಸಗಳು ಬಂದಿವೆ. ಬಿಎಂಸಿ ಪ್ರತಿ ಸಲ ಏಳುವಾಗಲೂ ಚಿಪ್ಪೇ ಫರ್ಮ್‌ವೇರನ್ನು ಪರೀಕ್ಷಿಸುತ್ತದೆ.

ಇನ್ನೊಂದು ತೊಡಕು ಹಳೆಯ ಆವೃತ್ತಿಗಳದು. ದೋಷವಿದ್ದ ಹಳೆಯ ಫರ್ಮ್‌ವೇರಿಗೂ ಅದೇ ಕಂಪನಿಯ ಅಸಲಿ ಸಹಿ ಇರುತ್ತದೆ. ಅದನ್ನೇ ಮತ್ತೆ ಹಾಕಿಸಿದರೆ ಮುಚ್ಚಿದ ಕಿಂಡಿ ತೆರೆದುಕೊಳ್ಳುತ್ತದೆ. ಹಳೆಯದೆಲ್ಲವನ್ನೂ ನಿಷೇಧಿಸಿದರೆ, ಹೊಸ ಆವೃತ್ತಿ ಕೈಕೊಟ್ಟಾಗ ಹಿಂದಕ್ಕೆ ಹೋಗುವ ದಾರಿಯೂ ಇಲ್ಲವಾಗುತ್ತದೆ. ಆದ್ದರಿಂದ ಮಾಮೂಲಿ ಆವೃತ್ತಿ ಸಂಖ್ಯೆಯ ಜೊತೆ ಭದ್ರತೆಗೆಂದೇ ಬೇರೊಂದು ಸಂಖ್ಯೆ ಇಡುವ ಪದ್ಧತಿ ಇದೆ. ಗಂಭೀರ ದೋಷ ಸರಿಪಡಿಸಿದಾಗ ಮಾತ್ರ ಅದು ಏರುತ್ತದೆ. ಅದಕ್ಕಿಂತ ಕೆಳಗಿನ ಸಂಖ್ಯೆಯ ಫೈಲು ಬಂದರೆ, ಸಹಿ ಸರಿಯಿದ್ದರೂ ಬಿಎಂಸಿ ಅದನ್ನು ಒಪ್ಪುವುದಿಲ್ಲ.